ಒಂದಕ್ಕೆ ಮೂರು

ಗೋಳು ಶುರುವಾದದ್ದು ಹೆಬ್ಬೆರಳಿನ ಉಗುರಿನಷ್ಟಗಲದ ಒಂದು ರಟ್ಟಿನ ಚೂರಿನಿಂದ. ಅದು ಊಟದ ಮೇಜಿನ ಮೇಲೆ ಹರಡಿದ್ದ ಆಟದ ನಕ್ಷೆಯಲ್ಲಿ, ‘ಗುಡ್ಡದ ಕೋಟೆ’ ಎಂದು ಬರೆದಿದ್ದ ಮನೆಯೊಳಗೆ ಬೋರಲಾಗಿ ಮಲಗಿತ್ತು. ಅದರ ಹೊಟ್ಟೆಯಡಿ ಯಾವ ಅಂಕಿಯಿದೆ ಎಂಬುದು ಮಾವನಿಗೆ ಮಾತ್ರ ಗೊತ್ತು. ಅಳಿಯನಿಗೆ ಗೊತ್ತಾಗಬೇಕಾದರೆ ಅವನು ದಾಳಿ ಮಾಡಬೇಕು. ದಾಳಿ ಮಾಡಬೇಕಾದರೆ ಅವನಿಗೆ ಅದು ಗೊತ್ತಿರಬೇಕು. ಭಾನುವಾರ ಬೆಳಗಿನ ತಿಂಡಿ ಮುಗಿದಾಗಿನಿಂದ ಅವನು ಈ ಎರಡು ಮಾತುಗಳ ನಡುವೆ ಗಾಣದೆತ್ತಿನ ಹಾಗೆ ಸುತ್ತುತ್ತಿದ್ದ.

ಈ ಅಳಿಯನಿಗೆ ಕಚೇರಿಯವರು ಇಟ್ಟ ಹೆಸರು ಬಹುಶಪ್ಪ. ವಿಮಾ ಕಂಪನಿಯೊಂದರಲ್ಲಿ ಯಾವ ಅಂಗಡಿಗೆ ಬೆಂಕಿ ಬೀಳಬಹುದು, ಯಾವ ಲಾರಿ ಮಗುಚಬಹುದು ಎಂದು ಲೆಕ್ಕ ಹಾಕುವುದು ಅವನ ಕೆಲಸ. ವರ್ಷಗಟ್ಟಲೆ ಇದನ್ನೇ ಮಾಡಿ ಮಾಡಿ ಅವನ ಬಾಯಿಂದ ‘ಹೌದು’ ಎಂಬುದಾಗಲಿ ‘ಇಲ್ಲ’ ಎಂಬುದಾಗಲಿ ಹೊರಡುವುದೇ ನಿಂತುಹೋಗಿತ್ತು. ಕಾಫಿ ಬೇಕೇ ಎಂದರೂ ‘ಬಹುಶಃ’, ಬಸ್ಸು ಬಂತೇ ಎಂದರೂ ‘ಬಹುಶಃ’. ಮದುವೆಗೆ ಒಪ್ಪಿಗೆಯೇ ಎಂದು ಕೇಳಿದಾಗಲೂ ಅದನ್ನೇ ಹೇಳಿದ್ದನಂತೆ. ಹುಡುಗಿ ಅದನ್ನು ಹೌದೆಂದು ತಿಳಿದುಕೊಂಡು ಮುಂದುವರಿದಳು. ಇಲ್ಲದಿದ್ದರೆ ಈ ಕತೆಗೆ ಮಾವನೇ ಇರುತ್ತಿರಲಿಲ್ಲ.

ಮಾವ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಒಂದು ವಾರದ ಮಟ್ಟಿಗೆ ಎಂದು ಬಂದವರು. ಪೊರೆ ಹೋಯಿತು, ಬೇಸಿಗೆ ಹೋಯಿತು, ಮಾವ ಹೋಗಲಿಲ್ಲ. “ರಕ್ತದೊತ್ತಡ ಇರೋರನ್ನ ಒಬ್ಬರೇ ಬಿಡೋಕಾಗುತ್ತಾ?” ಎಂದು ಮಗಳು ಅವರ ವಾಪಸು ಟಿಕೆಟನ್ನು ತಾನೇ ಹೋಗಿ ರದ್ದು ಮಾಡಿಸಿ ಬಂದಿದ್ದಳು. ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುತ್ತಿದ್ದು ನಿವೃತ್ತರಾದ ಮಾವ ಕೆಟ್ಟವರೇನಲ್ಲ. ಆದರೆ ಅವರಿಗೆ ಬಿಟ್ಟುಕೊಟ್ಟದ್ದು ಬಹುಶಪ್ಪನ ಕೋಣೆ. ಆ ಮನೆಯಲ್ಲಿ ಬಾಗಿಲು ಹಾಕಿಕೊಂಡು ಒಬ್ಬನೇ ಕೂರಬಹುದಾದ ಜಾಗ ಅದೊಂದೇ. ಅಲ್ಲಿ ಕೂತು ಅವನು ಏನೂ ಮಾಡುತ್ತಿರಲಿಲ್ಲ. ಏನೂ ಮಾಡದೆ ಕೂರುವುದಕ್ಕೆಂದೇ ಆ ಕೋಣೆ ಇದ್ದದ್ದು. ಈಗ ಪೇಪರ್ ಓದಬೇಕೆಂದರೂ ಬಚ್ಚಲಿಗೆ ಹೋಗಬೇಕು, ಅಲ್ಲೂ ಎರಡು ಪುಟ ತಿರುಗಿಸುವಷ್ಟರಲ್ಲಿ ಯಾರಾದರೂ ಬಾಗಿಲು ಬಡಿಯುತ್ತಿದ್ದರು. ಸ್ವಂತ ಮನೆಯಲ್ಲಿ ತನಗೊಂದು ಮೂಲೆಯಿಲ್ಲ ಎಂಬ ದುಃಖ ಅವನಿಗೆ ನಿಜವಾಗಿಯೂ ಇತ್ತು. ಹೇಳಿದರೆ ನಗುತ್ತಾರೆಂದು ಯಾರಿಗೂ ಹೇಳಿರಲಿಲ್ಲ.

ಆಟ ಬಂದದ್ದು ಮಾವನ ಸೂಟ್‌ಕೇಸಿನಲ್ಲಿ. ಎಲ್ಲೂ ಇಲ್ಲದ ಒಂದು ದ್ವೀಪದ ನಕ್ಷೆ, ಅದರ ತುಂಬ ಜೇನುಗೂಡಿನಂಥ ಆರು ಮೂಲೆಯ ಮನೆಗಳು, ಮೇಲೆ ಬಲದ ಅಂಕಿ ಬರೆದ ರಟ್ಟಿನ ದಳಗಳು. ಅಳಿಯನದು ನೀಲಿ ಸೈನ್ಯ, ಮಾವನದು ಕೆಂಪು. ಭಾನುವಾರಕ್ಕೊಂದಿಷ್ಟು ಯುದ್ಧ, ಉಳಿದ ದಿನ ಮೇಜನ್ನು ಯಾರೂ ಮುಟ್ಟುವಂತಿಲ್ಲ. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡೂ ಉಂಡೂ ಸಾಕಾಗಿ ಹೆಂಡತಿ ಆ ದಿನ ಸೌಟು ಹಿಡಿದು ಬಂದು ನಿಂತಳು.

“ಇವತ್ತು ಸಂಜೆಯೊಳಗೆ ಯುದ್ಧ ಮುಗೀಬೇಕು. ಮುಗೀಲಿಲ್ಲ ಅಂದ್ರೆ ಇಬ್ಬರ ಸೈನ್ಯಾನೂ ಕಸದ ಬುಟ್ಟಿಗೆ.”

“ಬರೀ ಮುಗಿಸಿದ್ರೆ ಏನಮ್ಮ ಸ್ವಾರಸ್ಯ?” ಎಂದರು ಮಾವ. “ಒಂದು ಪಣ ಇಡೋಣ. ಅಳಿಯಂದ್ರು ಗೆದ್ರೆ ನಾನು ನಾಳೆ ಬೆಳಗಿನ ಬಸ್ಸಿಗೆ ಊರಿಗೆ ಹೊರಡ್ತೀನಿ, ಕೋಣೆ ಅವರದು. ನಾನು ಗೆದ್ರೆ ಖಾಯಂ ಇಲ್ಲೇ. ಊರಿಗೆ ಹೋಗೋ ಮಾತನ್ನ ಆಮೇಲೆ ಯಾರೂ ಎತ್ತೋ ಹಾಗಿಲ್ಲ.”

ಬಹುಶಪ್ಪನ ಕಿವಿ ನೆಟ್ಟಗಾಯಿತು. ಹೆಂಡತಿ ಗಂಡನ ಮುಖ ನೋಡಿದಳು. ಹಲ್ಲುಜ್ಜುವ ಪೇಸ್ಟು ಯಾವುದು ಕೊಳ್ಳುವುದೆಂದು ಅಂಗಡಿಯಲ್ಲಿ ಅರ್ಧ ಗಂಟೆ ನಿಲ್ಲುವ ಮನುಷ್ಯ ಕೋಟೆಯ ಮೇಲೆ ದಾಳಿ ಮಾಡುವುದುಂಟೇ ಎಂಬ ಧೈರ್ಯ ಅವಳಿಗಿತ್ತು.

“ಆಗ್ಲಿ,” ಎಂದಳು. “ಆದ್ರೆ ತೀರ್ಪು ನಂದು. ಆಮೇಲೆ ಹಾಗಲ್ಲ ಹೀಗಲ್ಲ ಅಂತ ಯಾರೂ ರಾಗ ಎಳೆಯೋ ಹಾಗಿಲ್ಲ.”

ಒಂದು ನಡೆಯಲ್ಲಿ ಎರಡು ದಳಗಳ ತನಕ ಸರಿಸಬಹುದು. ಗೆಲ್ಲುವ ನಿಯಮ ಸರಳವಾಗಿತ್ತು. ನೀಲಿ ಸೈನ್ಯ ಗುಡ್ಡದ ಕೋಟೆಯನ್ನು ಹಿಡಿದು, ಕೆಂಪಿನ ಮುಂದಿನ ಒಂದು ನಡೆ ಮುಗಿಯುವ ತನಕ ಉಳಿಸಿಕೊಂಡರೆ ನೀಲಿ ಗೆದ್ದಂತೆ. ಕೆಂಪಿನ ಯಾವುದೇ ದಳ ನೀಲಿ ರಾಜಧಾನಿಯೊಳಗೆ ಕಾಲಿಟ್ಟರೆ ಅಲ್ಲಿಗೇ ಆಟ ಮುಗಿದು ಕೆಂಪು ಗೆದ್ದಂತೆ. ತಲೆ ತಿನ್ನುವಂಥದ್ದು ಕೋಟೆಯ ಲೆಕ್ಕ. ಕೆಂಪಿನವರು ಕೋಟೆಯೊಳಗೆ ಇಡಬಹುದಾದದ್ದು ಒಂದೇ ದಳ, ಅದೂ ಬೋರಲಾಗಿ. ಒಳಗಿರುವಷ್ಟು ಹೊತ್ತು ಅದರ ಬಲ ಇಮ್ಮಡಿ. ದಾಳಿ ಮಾಡುವವನ ಬಲ ಅದಕ್ಕಿಂತ ಎಷ್ಟು ಪಟ್ಟು ಎಂದು ನೋಡಿಕೊಂಡು ದಾಳ ಎಸೆಯಬೇಕು. ಎರಡು ಪಟ್ಟಾದರೆ ಸೋಲು ಗೆಲುವು ಸಮಸಮ. ಮೂರು ಪಟ್ಟಾದರೆ, ದಾಳದಲ್ಲಿ ಒಂದು ಬಿದ್ದರೆ ಮಾತ್ರ ಸೋಲು. ಸೋತರೆ ದಾಳಿಗೆ ಹೋದ ದಳಗಳೆಲ್ಲ ಡಬ್ಬಿಗೆ ವಾಪಸು.

ಕೆಂಪು ದಳಗಳಲ್ಲಿ ಇನ್ನೂ ಮುಖ ತೋರಿಸದೆ ಉಳಿದಿದ್ದವು ಮೂರು. ಆರು ಬಲದ್ದೊಂದು, ಮೂರು ಬಲದ್ದೊಂದು, ಎದುರಾಳಿಯನ್ನು ಹೆದರಿಸಲೆಂದೇ ಇರುವ ಏನೂ ಬಲವಿಲ್ಲದ ಖಾಲಿ ರಟ್ಟು ಒಂದು. ಇವುಗಳಲ್ಲಿ ಒಂದು ಕೋಟೆಯಲ್ಲಿತ್ತು, ಎರಡು ಮಾವನ ಡಬ್ಬಿಯಲ್ಲಿದ್ದವು. ಕೋಟೆಯ ಬುಡದಲ್ಲಿ ನೀಲಿಯ ಫಿರಂಗಿ, ಕುದುರೆ, ಕಾಲಾಳು ಎಲ್ಲ ಸೇರಿ ಇಪ್ಪತ್ನಾಲ್ಕು ಬಲ ನಿಂತಿತ್ತು.

“ಬನ್ನಿ ಅಳಿಯಂದ್ರೇ, ಹೊಡೀರಿ,” ಎಂದರು ಮಾವ ಆಕಳಿಸುತ್ತ.

“ಒಳಗೆ ಆರು ಇದ್ರೆ ಇಮ್ಮಡಿಯಾಗಿ ಹನ್ನೆರಡಾಗುತ್ತೆ ಮಾವ. ಆಗ ನಂದು ಬರೀ ಎರಡು ಪಟ್ಟು.”

“ಆರು ಇಲ್ದೇನೂ ಇರಬಹುದಲ್ಲ?”

“ಬಹುಶಃ,” ಎಂದ ಬಹುಶಪ್ಪ. ಗೊತ್ತಿಲ್ಲದ ಕಡೆ ಕೆಟ್ಟದ್ದನ್ನೇ ಊಹಿಸು ಎಂಬುದು ಅವನ ಕಚೇರಿಯ ಮೊದಲ ಪಾಠ. “ಅದಕ್ಕೆ ಮೊದಲು ದಾಳ ಸರಿಯಾಗಿದೆಯಾ ಅಂತ ನೋಡ್ಬೇಕು.”

ದಾಳ ತೆಗೆದುಕೊಂಡು ಅವನು ಬಾಲ್ಕನಿಗೆ ಹೋದ. ಅಲ್ಲಿದ್ದ ಸ್ಟೂಲಿನ ಮೇಲೆ ಎಸೆಯುತ್ತ, ಬಿದ್ದದ್ದನ್ನು ಜೋರಾಗಿ ಹೇಳಿಕೊಳ್ಳುತ್ತ ಕೂತ. ನಾಲ್ಕು. ಎರಡು. ಒಂದು. ಮತ್ತೆ ಒಂದು. ಮತ್ತೂ ಒಂದು. ಇದರ ಬುಡ ನೋಡೇಬಿಡುತ್ತೇನೆಂದು ಬಲವಾಗಿ ಎಸೆದ. ದಾಳ ಸ್ಟೂಲಿನ ಅಂಚಿಗೆ ತಾಗಿ ಪುಟಿದು ಕಂಬಿ ದಾಟಿ ಹೋಯಿತು.

ಕೆಳಗಿನ ಮನೆಯ ಕ್ಯಾಪ್ಟನ್ ಬಿಸಿಲು ಕಾಯುತ್ತ ಕೂತಿದ್ದರು. ಕ್ಯಾಪ್ಟನ್ ಎಂಬುದು ಬೀದಿಯವರು ಕೊಟ್ಟ ಬಿರುದು. ಸೈನ್ಯದಲ್ಲಿ ಅವರಿದ್ದದ್ದು ನಿಜ, ಆದರೆ ಇದ್ದದ್ದು ಉಗ್ರಾಣದಲ್ಲಿ, ಕಾಲುಚೀಲ ಹಂಚುವ ಕೆಲಸದಲ್ಲಿ. ಒಂದೂ ಗುಂಡು ಹಾರಿಸದೆ ಮನೆಗೆ ಬಂದ ಕೊರಗು ಅವರನ್ನು ಬಿಟ್ಟಿರಲಿಲ್ಲ. ದಾಳ ಅವರ ಬೋಳುತಲೆಗೆ ಬಡಿದ ಸದ್ದು ಮೇಲಿನ ತನಕ ಕೇಳಿತು. ಬಹುಶಪ್ಪ ಕ್ಷಮೆ ಕೇಳಲು ಬಾಗಿಲು ತೆರೆಯುವಷ್ಟರಲ್ಲಿ ಅವರೇ ಮುಷ್ಟಿ ಬಿಗಿದು ಎದುರಿಗೆ ನಿಂತಿದ್ದರು.

“ಇದನ್ನ ಎಸೆದದ್ದು ಯಾರು?”

“ನಾನೇ ಕ್ಯಾಪ್ಟನ್, ತಪ್ಪಾಯ್ತು. ತುಂಬಾ ನೋವಾಯ್ತಾ? ... ಯಾವ ಅಂಕಿ ಮೇಲಿತ್ತು, ನೋಡಿದ್ರಾ?”

ಕ್ಯಾಪ್ಟನ್ ಬಯ್ಯಲೆಂದು ತೆರೆದ ಬಾಯಿ ಹಾಗೇ ನಿಂತಿತು. ಅವರ ಕಣ್ಣು ಬಹುಶಪ್ಪನ ಹೆಗಲ ಮೇಲಿಂದ ಹಾದು ಮೇಜಿನ ಮೇಲಿನ ನಕ್ಷೆಗೆ ಅಂಟಿಕೊಂಡಿತ್ತು. ಫಿರಂಗಿ, ಕುದುರೆ, ಸೇತುವೆ, ಕೋಟೆ. ಒಂದು ಆಯುಷ್ಯ ಕಾಲುಚೀಲ ಎಣಿಸಿದ ಮನುಷ್ಯನಿಗೆ ಕೊನೆಗೂ ಯುದ್ಧ ಸಿಕ್ಕಿತು. ಯಾರೂ ಕರೆಯದಿದ್ದರೂ ಅವರು ಒಳಗೆ ಬಂದು ನೀಲಿ ಸೈನ್ಯದ ಬೆನ್ನಿಗೆ ಕುರ್ಚಿ ಎಳೆದು ಕೂತರು.

“ಮೂರಕ್ಕೆ ಕಮ್ಮಿ ಇದ್ರೆ ಹೊಡೀಬೇಡಿ,” ಎಂದರು. “ಒಂದಕ್ಕೆ ಮೂರು. ನಮ್ಮಲ್ಲಿ ಅದೇ ರೂಲು.”

“ಕಾಲುಚೀಲದಲ್ಲೂ ಅದೇ ರೂಲಾ?” ಎಂದು ಮಾವ ಕೇಳಿದರು. ಕ್ಯಾಪ್ಟನ್ ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು.

ಅಷ್ಟರಲ್ಲಿ ಮೇಲಿನ ಮನೆಯ ಲೆಕ್ಕದ ಟೀಚರ್ ಮೆಟ್ಟಿಲಿಳಿದು ಬಂದರು. ಬಾಲ್ಕನಿಯಿಂದ ಬರುತ್ತಿದ್ದ ಎಣಿಕೆಯನ್ನು ಅವರು ಬಟ್ಟೆ ಹರವುತ್ತ ಕೇಳಿಸಿಕೊಂಡಿದ್ದರು. ಶಾಲೆ ಬಿಟ್ಟು ಎಷ್ಟೋ ಕಾಲವಾದರೂ ತಪ್ಪು ಲೆಕ್ಕ ಕಿವಿಗೆ ಬಿದ್ದರೆ ಅವರಿಗೆ ಮೈಯೆಲ್ಲ ತುರಿಕೆ.

“ಮೂರು ಸಲ ಒಂದು ಬಿದ್ದ ಮಾತ್ರಕ್ಕೆ ದಾಳ ಕೆಟ್ಟಿದೆ ಅಂತ ಹೇಳೋಕಾಗಲ್ಲ ಕಣ್ರೀ. ಕಮ್ಮಿ ಅಂದ್ರೆ ಆರುನೂರು ಸಲ ಎಸೀಬೇಕು. ಎಲ್ಲಿ, ಒಂದು ಪೆನ್ಸಿಲ್ ಕೊಡಿ.”

ಕ್ಯಾಪ್ಟನ್ ಎಸೆದರು, ಟೀಚರ್ ಗೀಟು ಹಾಕಿದರು, ಬಹುಶಪ್ಪ ಎರಡೂ ಸರಿಯಾಗಿ ಆಗುತ್ತಿದೆಯೇ ಎಂದು ನೋಡಿದ. ಮಾವ ಕುರ್ಚಿಯಲ್ಲೇ ಒಂದು ನಿದ್ದೆ ತೆಗೆದರು. ದಾಳದ ಲಟಲಟ ಸದ್ದಿಗೆ ಅಡುಗೆಮನೆಯಲ್ಲಿ ಹೆಂಡತಿಗೆ ತಲೆನೋವು ಬಂತು. ಆರುನೂರು ಮುಗಿದ ಮೇಲೆ ಟೀಚರ್ ಕನ್ನಡಕ ಸರಿ ಮಾಡಿಕೊಂಡು ದಾಳ ನಿರ್ದೋಷಿ ಎಂದು ತೀರ್ಪು ಕೊಟ್ಟರು.

“ಸರಿ, ಹಾಗಾದ್ರೆ ಹೊಡೀರಿ,” ಎಂದರು ಎಚ್ಚರಾದ ಮಾವ. ಅವರ ದನಿಯಲ್ಲಿ ಒಂದು ಬಗೆಯ ದೈನ್ಯವಿತ್ತು. “ಮೂರು ದಳದಲ್ಲಿ ಒಂದು ಒಳಗಿದೆ. ಆರೇ ಇರ್ಬೇಕು ಅಂತ ಏನಿದೆ?”

“ಮೂರರಲ್ಲಿ ಒಂದು ಪಾಲು ಆರು ಇರೋ ಸಂಭವ,” ಎಂದರು ಟೀಚರ್.

“ನನ್ನ ಕೈಕೆಳಗೆ ಮೂರರಲ್ಲಿ ಒಂದು ಲಾರಿ ಮಗುಚಿದ್ರೆ ಕಂಪನಿ ಮುಚ್ಚಬೇಕಾಗುತ್ತೆ,” ಎಂದ ಬಹುಶಪ್ಪ.

ಮಾವ ನಿಟ್ಟುಸಿರು ಬಿಟ್ಟು ಕೈ ತೊಳೆಯಲು ಎದ್ದು ಹೋದರು. ಅವರ ಬೆನ್ನು ಮರೆಯಾದದ್ದೇ ತಡ ಕ್ಯಾಪ್ಟನ್ ಬಹುಶಪ್ಪನ ಕಿವಿಗೆ ಬಾಯಿಟ್ಟರು.

“ಯಾವ ಸೈನ್ಯ ಆದ್ರೂ ಮೊದಲು ಬೇಹುಗಾರಿಕೆ ಮಾಡುತ್ತೆ. ಎತ್ತಬೇಡಿ, ಅದು ಮೋಸ. ಸುಮ್ನೆ ಅಂಚಿನಿಂದ ಬಗ್ಗಿ ನೋಡಿ.”

ಬಹುಶಪ್ಪನಿಗೆ ಮನಸ್ಸಿರಲಿಲ್ಲ. ಆದರೆ ಕೋಣೆಯ ಬಾಗಿಲು ಕಣ್ಣ ಮುಂದೆ ಬಂತು. ಅವನು ಟಾರ್ಚು ತಂದು, ಕೆನ್ನೆಯನ್ನು ಮೇಜಿಗೆ ಒತ್ತಿ, ರಟ್ಟಿಗೂ ನಕ್ಷೆಗೂ ನಡುವೆ ಕೂದಲೆಳೆಯಷ್ಟು ಸಂದಿಯೇನಾದರೂ ಇದೆಯೇ ಎಂದು ಇಣುಕಿದ. ನಕ್ಷೆಯ ಮಡಿಕೆಯಲ್ಲಿದ್ದ ಧೂಳು ಮೂಗಿಗೆ ಹೋಯಿತು. ಅವನು ಸೀನಿದ್ದು ಸಾಮಾನ್ಯ ಸೀನಲ್ಲ. ದಕ್ಷಿಣದ ಕರಾವಳಿಯೇ ಎದ್ದು ಹೋಗಿ ನೆಲಕ್ಕೆ ಬಿತ್ತು. ಕುದುರೆ ದಳ ಸೋಫಾದ ಕೆಳಗೆ ಸೇರಿತು. ಕೋಟೆಯೊಳಗಿನ ರಟ್ಟು ಮಾತ್ರ ಹಂದಾಡಲಿಲ್ಲ.

“ಏನ್ರೀ ಇದು, ಕದ್ದು ನೋಡೋಕೆ ಹೋದ್ರಾ?” ಹೆಂಡತಿ ಸೌಟಿನ ಸಮೇತ ಬಾಗಿಲಲ್ಲಿದ್ದಳು. “ನೆರೆಮನೆಯವರನ್ನ ಕೂರಿಸ್ಕೊಂಡು! ನಾಚಿಕೆ ಆಗಲ್ವಾ?”

“ಬೇಹುಗಾರಿಕೆ...” ಎಂದು ಕ್ಯಾಪ್ಟನ್ ಶುರು ಮಾಡಿದರು.

“ನೀವು ಸುಮ್ನಿರಿ ಕ್ಯಾಪ್ಟನ್. ಇದಕ್ಕೆ ದಂಡ, ಅಪ್ಪನಿಗೆ ಒಂದು ನಡೆ ಜಾಸ್ತಿ.”

ಟೀಚರಿಗೆ ಯಾವ ದಳ ಎಲ್ಲಿತ್ತೆಂದು ಬಾಯಿಪಾಠವಾಗಿತ್ತು. ಒಂದೊಂದನ್ನೂ ಹೆಕ್ಕಿ ಅದರದರ ಮನೆಗೆ ಸೇರಿಸಿದರು. ಮಾವ ಬಂದು ತಮಗೆ ಸಿಕ್ಕ ಬಿಟ್ಟಿ ನಡೆಯನ್ನು ಒಂದು ಕ್ಷಣ ಯೋಚಿಸಿ, ಕೋಟೆಯ ಪಕ್ಕದಲ್ಲೇ ನಿಂತಿದ್ದ ಒಂದು ಬಲದ ಸೈಕಲ್ ದಳವನ್ನು ಎತ್ತಿ ದಕ್ಷಿಣಕ್ಕೆ ಅಟ್ಟಿದರು.

“ಇಲ್ಲಿ ನಿಂತು ನಿಂತು ಬೇಜಾರಾಗಿರುತ್ತೆ. ಸಮುದ್ರ ನೋಡ್ಕೊಂಡು ಬರ್ಲಿ,” ಎಂದರು.

ಕ್ಯಾಪ್ಟನ್ ಬಹುಶಪ್ಪನ ಮೊಣಕೈ ಹಿಂಡಿದರು. “ಬಲೆ. ಬೇಕಂತ ದಾರಿ ಬಿಡ್ತಿದ್ದಾರೆ. ಒಳಗೆ ಆರೇ ಇರೋದು.”

ಬಹುಶಪ್ಪನಿಗೂ ಹಾಗೇ ಅನ್ನಿಸಿತು. ಆರು ಬಲದ ಇನ್ನೊಂದು ಕಾಲಾಳು ದಳವನ್ನು ಕೋಟೆಯ ಬುಡಕ್ಕೆ ತಂದ. ನೀಲಿಯ ಬಲ ಮೂವತ್ತಾಯಿತು.

“ಈಗ ಎರಡೂವರೆ ಪಟ್ಟು ಆಯ್ತು,” ಎಂದ.

“ಅರ್ಧ ಲೆಕ್ಕಕ್ಕಿಲ್ಲ,” ಎಂದರು ನಿಯಮದ ಪುಸ್ತಕ ಹಿಡಿದಿದ್ದ ಟೀಚರ್. “ಮೂರು ತುಂಬೋ ತನಕ ಅದು ಎರಡೇ. ಹಾಗಂತ ಬರೆದಿದೆ.”

ಮಾವ ಕೋಟೆಯ ಇನ್ನೊಂದು ಮಗ್ಗುಲಿನಲ್ಲಿದ್ದ ಕಾವಲನ್ನೂ ತೆಗೆದು ಕಾಡಿಗೆ ಕಳಿಸಿದರು. ಸೈಕಲ್ ದಳವನ್ನು ಇನ್ನಷ್ಟು ದಕ್ಷಿಣಕ್ಕೆ ತಳ್ಳಿದರು. ಈಗ ಕೋಟೆ ಸಂತೆಯಲ್ಲಿ ಕಳೆದುಹೋದ ಮಗುವಿನಂತೆ ಒಂಟಿಯಾಗಿ ನಿಂತಿತ್ತು. ಹಾದಿಹೋಕನಾದರೂ ನುಗ್ಗಿಬಿಡುತ್ತಿದ್ದ. ಬಹುಶಪ್ಪನ ಅನುಮಾನ ಮಾತ್ರ ಬಲಿಯಿತು. ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು ಎಂಬಂತೆ, ಮಾವ ಬಾಗಿಲು ತೆರೆದಷ್ಟೂ ಅವನಿಗೆ ಒಳಗೆ ಯಾರೋ ದೊಣ್ಣೆ ಹಿಡಿದು ನಿಂತಂತೆ ಕಾಣುತ್ತಿತ್ತು.

ಅವನು ಸೇತುವೆ ಕಾಯುತ್ತಿದ್ದ ಮೂರು ಬಲದ ದಳವನ್ನೂ ಕರೆಸಿಕೊಂಡ. ಮೂವತ್ಮೂರು.

“ಎರಡೂಮುಕ್ಕಾಲು,” ಎಂದರು ಟೀಚರ್. “ಅಂದ್ರೆ ಎರಡು.”

“ಅಳಿಯಂದ್ರೇ, ಜೀವನದಲ್ಲಿ ಒಂದು ಸಲನಾದ್ರೂ ಕಣ್ಣು ಮುಚ್ಕೊಂಡು ಹಾರ್ಬೇಕು ಕಣ್ರೀ,” ಎಂದರು ಮಾವ. ಅವರ ಹಣೆಯ ಮೇಲೆ ಬೆವರಿತ್ತು. “ಮದುವೆ ಆಗ್ಲಿಲ್ವಾ ನೀವು? ಹಾಗೆ.”

“ಹಾಗೇ ಆದದ್ದಕ್ಕೇ ಈಗ ಲೆಕ್ಕ ಹಾಕ್ತಿದ್ದೀನಿ ಮಾವ,” ಎಂದ ಬಹುಶಪ್ಪ. ಅಡುಗೆಮನೆಯಲ್ಲಿ ಪಾತ್ರೆಯೊಂದು ಜೋರಾಗಿ ಸದ್ದು ಮಾಡಿತು.

ಮಾವ ಬೇರೆ ದಾರಿ ಕಾಣದೆ ಸೈಕಲ್ ದಳವನ್ನು ದಕ್ಷಿಣದ ತುತ್ತತುದಿಗೆ, ಇನ್ನು ಮುಂದೆ ನೀರೇ ಎಂಬಲ್ಲಿಗೆ ಮುಟ್ಟಿಸಿದರು. ಬಿಸಿಲು ಇಳಿಯುತ್ತಿತ್ತು. ಹೆಂಡತಿ ಬಂದು, ಕಸದ ಬುಟ್ಟಿಯನ್ನು ಮೇಜಿನ ಕಾಲಿಗೆ ತಾಗುವಂತೆ ಇಟ್ಟು ಅಲ್ಲೇ ಕೂತಳು. ಯುದ್ಧಕ್ಕೆ ಇನ್ನು ಹೆಚ್ಚು ಆಯುಷ್ಯವಿಲ್ಲ ಎಂಬುದು ಎಲ್ಲರಿಗೂ ಅರ್ಥವಾಯಿತು.

“ಇನ್ನು ಮೂರು ಬಲ ಬೇಕು,” ಎಂದ ಬಹುಶಪ್ಪ ಒಣಗಿದ ದನಿಯಲ್ಲಿ. “ಎಲ್ಲಿಂದ ತರ್ಲಿ?”

ಕ್ಯಾಪ್ಟನ್ ತುಟಿ ಬಿಗಿದು ಬೆರಳು ತೋರಿಸಿದರು. ನೀಲಿ ರಾಜಧಾನಿಯಲ್ಲಿ ಕಾವಲು ದಳ ಕೂತಿತ್ತು. ಅದರ ಬಲ ಸರಿಯಾಗಿ ಮೂರು. ರಾಜಧಾನಿಯಿಂದ ಗುಡ್ಡದ ಬುಡದ ತನಕ ರೈಲು ಹಳಿಯೂ ಇತ್ತು. ಒಂದೇ ನಡೆಯಲ್ಲಿ ಬಂದಿಳಿಯಬಹುದು.

“ರಾಜಧಾನಿ ಖಾಲಿಯಾಗುತ್ತಲ್ಲ?”

“ಸೈನ್ಯ ಇರೋದು ಕೂರೋಕಲ್ಲ ಸ್ವಾಮಿ, ಹೊಡೆಯೋಕೆ. ಕೋಟೆ ಬಿದ್ದ ಮೇಲೆ ರಾಜಧಾನಿ ಯಾರಿಗೆ ಬೇಕು?”

“ಮೂವತ್ತಾರು ಭಾಗಿಸು ಹನ್ನೆರಡು, ನೆಟ್ಟಗೆ ಮೂರು,” ಎಂದರು ಟೀಚರ್. ಅವರ ಮುಖ ಕಳೆಕಳೆಯಾಗಿತ್ತು. “ಶೇಷವೇ ಇಲ್ಲ. ಎಂಥ ಚೆಂದದ ಲೆಕ್ಕ! ಒಳಗೆ ಏನೇ ಇದ್ರೂ ಆರರಲ್ಲಿ ಐದು ಸಲ ನೀವೇ ಗೆಲ್ತೀರ.”

ಬಹುಶಪ್ಪ ಒಮ್ಮೆ ಕೋಣೆಯ ಬಾಗಿಲನ್ನು ನೋಡಿದ, ಒಮ್ಮೆ ಕಸದ ಬುಟ್ಟಿಯನ್ನು ನೋಡಿದ. ಕಾವಲು ದಳವನ್ನು ರೈಲು ಹತ್ತಿಸಿದ. ದಾಳ ಹಿಡಿದು, ಹುಟ್ಟಿದಂದಿನಿಂದ ಆಡದ ಮಾತೊಂದನ್ನು ಆಡಿದ.

“ದಾಳಿ.”

ಮಾವ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. ಕೋಟೆಯೊಳಗಿನ ರಟ್ಟನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದರು. ಅದರ ಮೇಲೆ ಏನೂ ಇರಲಿಲ್ಲ. ಆರೂ ಇಲ್ಲ, ಮೂರೂ ಇಲ್ಲ. ಖಾಲಿ ರಟ್ಟು.

ಫಿರಂಗಿ, ಕುದುರೆ, ಎರಡು ಕಾಲಾಳು ದಳ, ಸೇತುವೆಯ ಕಾವಲು, ರಾಜಧಾನಿಯ ಕಾವಲು ಎಲ್ಲ ಸೇರಿ ಬೆಟ್ಟ ಅಗೆದು ಇಲಿ ಹಿಡಿದಿದ್ದವು. ಅಲ್ಲ, ಇಲಿಯೂ ಸಿಕ್ಕಿರಲಿಲ್ಲ.

“ಮೂವತ್ತಾರನ್ನ ಸೊನ್ನೆಯಿಂದ ಭಾಗಿಸೋ ಹಾಗಿಲ್ಲ,” ಎಂದು ಟೀಚರ್ ತಬ್ಬಿಬ್ಬಾಗಿ ಪುಸ್ತಕ ತಿರುವಿದರು. “ಹಾಂ, ಇಲ್ಲಿದೆ. ಖಾಲಿ ರಟ್ಟಿದ್ರೆ ದಾಳ ಎಸೆಯೋದೇ ಬೇಡ. ಕೋಟೆ ನೇರ ನೀಲಿಗೆ.”

ಕ್ಯಾಪ್ಟನ್ ಎದ್ದು ನಿಂತು ಸೆಲ್ಯೂಟ್ ಹೊಡೆದರು. ಬಹುಶಪ್ಪ ಮೂವತ್ತಾರು ಬಲವನ್ನು ಒಂದರ ಮೇಲೊಂದು ಪೇರಿಸಿ ಕೋಟೆಯೊಳಗೆ ಇಟ್ಟ. ಇಡುವಾಗ ಕೋಣೆಯ ಚಿಲಕ ಒಳಗಿನಿಂದ ಬೀಳುವ ಸದ್ದು ಅವನ ಕಿವಿಗೆ ಕೇಳಿದಂತಾಯಿತು.

ಎಲ್ಲರಿಗಿಂತ ಹೆಚ್ಚು ಸಡಗರ ಮಾತ್ರ ಮಾವನದು. “ಸೋತೆ! ಸೋತೇಬಿಟ್ಟೆ!” ಎಂದು ಕೈ ಕೈ ಉಜ್ಜಿಕೊಂಡರು. “ಎಂಥ ಪೆಟ್ಟು ಕೊಟ್ರಿ ಅಳಿಯಂದ್ರೇ! ಮಗಳೇ, ಮಾತು ಅಂದ್ರೆ ಮಾತು. ನನ್ನ ಸೂಟ್‌ಕೇಸ್ ಎಲ್ಲಿಟ್ಟಿದ್ದೀಯಮ್ಮ?”

“ನಿನ್ನ ಒಂದು ನಡೆ ಬಾಕಿ ಇದೆಯಪ್ಪ,” ಎಂದಳು ಮಗಳು. ಅವಳ ಕಣ್ಣು ಒದ್ದೆಯಾಗಿತ್ತು. “ಅದಾದ ಮೇಲೆ ತಾನೆ ಆಟ ಮುಗಿಯೋದು?”

“ಇನ್ನೇನು ನಡೆಯಮ್ಮ, ಸೈನ್ಯವೆಲ್ಲ ಚೆಲ್ಲಾಪಿಲ್ಲಿ. ಇಗೋ, ಈ ಕಾಡಿನದ್ದನ್ನ ಇಲ್ಲಿಗಿಟ್ಟೆ, ಮುಗೀತು...”

“ತಡೀರಿ!” ಎಂದು ಕ್ಯಾಪ್ಟನ್ ಕೂಗಿದರು.

ಅವರ ಕಣ್ಣು ನಕ್ಷೆಯ ದಕ್ಷಿಣದ ತುದಿಯಲ್ಲಿ ನೆಟ್ಟಿತ್ತು. ಅಲ್ಲಿ ಸಮುದ್ರ ನೋಡುತ್ತ ಒಂದು ಬಲದ ಸೈಕಲ್ ದಳ ನಿಂತಿತ್ತು. ಅದರ ಒತ್ತಿನ ಮನೆಯೇ ನೀಲಿ ರಾಜಧಾನಿ. ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಮಾವ ಕ್ಯಾಪ್ಟನ್ ಕಡೆ ನೋಡಿದ ನೋಟಕ್ಕೆ ಹಸಿ ಹುಲ್ಲೂ ಹೊತ್ತಿಕೊಳ್ಳಬೇಕಿತ್ತು. “ನನಗೇನೂ ಕಾಣ್ತಿಲ್ಲ,” ಎಂದರು. “ಕಣ್ಣು ಸರಿ ಇಲ್ಲ ನನಗೆ.”

“ಪೊರೆ ತೆಗೆಸಿದ್ದೀವಲ್ಲಪ್ಪ?”

“ಒಂದೇ ಒಂದು ಮನೆ!” ಕ್ಯಾಪ್ಟನ್‌ಗೆ ತಾವು ಯಾವ ಪಕ್ಷದ ಬೆನ್ನಿಗೆ ಕೂತಿದ್ದೇವೆಂಬುದೂ ಮರೆತುಹೋಗಿತ್ತು. ಕಣ್ಣೆದುರಿಗೆ ಕಾವಲಿಲ್ಲದ ರಾಜಧಾನಿ ಬಿದ್ದಿರುವಾಗ ಯಾವ ಸೈನಿಕ ಸುಮ್ಮನಿದ್ದಾನು? “ಎಂಥ ತಂತ್ರ ನಿಮ್ಮದು! ಕೋಟೇಲಿ ಖಾಲಿ ರಟ್ಟಿಟ್ಟು ಪೂರ್ತಿ ಸೈನ್ಯಾನ ಅಲ್ಲಿಗೆ ಎಳೆದು, ಹಿಂದಿನಿಂದ ಸೈಕಲ್ಲು! ಇಂಥದ್ದನ್ನ ನಾನು ಸರ್ವಿಸ್ಸಲ್ಲೇ ನೋಡಿಲ್ಲ.”

ಮಾವ ಕೈ ಅಡ್ಡ ಹಿಡಿಯುವಷ್ಟರಲ್ಲಿ ಅವರೇ ಸೈಕಲ್ ದಳವನ್ನು ಎತ್ತಿ ರಾಜಧಾನಿಯೊಳಗೆ ಕುಕ್ಕಿದರು.

“ಬೇರೆಯವರು ಇಟ್ಟ ನಡೆ ನಡೆಯಲ್ಲ,” ಎಂದು ಮಾವ ಕೂಗಿದರು.

“ಅಪ್ಪ ಒಪ್ಪಿದ್ರೆ ಆಯ್ತು. ಒಪ್ತೀ ತಾನೆ?” ಮಗಳು ಅವರ ಭುಜ ಹಿಡಿದು ಮುಖ ನೋಡಿದಳು. ಅಳು ನಗು ಎರಡೂ ಅವಳ ಮುಖದಲ್ಲೇ ಇದ್ದವು. “ನಾಳೆ ಬೆಳಗ್ಗೆ ನೀನು ಹೊರಟೇಹೋಗ್ತೀಯ ಅಂತ ನನ್ನ ಜೀವವೇ ಹೋಗಿತ್ತಪ್ಪ.”

ಮಾವನ ತಲೆ ತಾನಾಗಿ ಮೇಲೆ ಕೆಳಗೆ ಆಡಿತು.

“ಕೆಂಪು ಗೆದ್ದಿತು,” ಎಂದು ಹೆಂಡತಿ ತೀರ್ಪು ಕೊಟ್ಟು, ನಕ್ಷೆ ಮಡಿಸಿ, ಮೂವತ್ತಾರು ಬಲವನ್ನೂ ಒಂದೇ ಹಿಡಿಯಲ್ಲಿ ಬಾಚಿ ಡಬ್ಬಿಗೆ ಹಾಕಿದಳು. ಕ್ಯಾಪ್ಟನ್ ಬಹುಶಪ್ಪನ ಬೆನ್ನು ತಟ್ಟಿ, “ಮುಂದಿನ ಸಲ ರಾಜಧಾನೀಲಿ ಒಬ್ಬನನ್ನಾದ್ರೂ ಬಿಡಿ,” ಎಂದು ಸಲಹೆ ಕೊಟ್ಟು ಮೆಟ್ಟಿಲಿಳಿದರು. ಟೀಚರ್ ಲೆಕ್ಕ ಮಾತ್ರ ಸರಿಯಾಗಿಯೇ ಇತ್ತೆಂದು ಎರಡು ಸಲ ಹೇಳಿ ಮೇಲೆ ಹೋದರು.

ಬಹುಶಪ್ಪ ಬಾಲ್ಕನಿಯ ಸ್ಟೂಲಿನ ಮೇಲೆ ಇಂಗು ತಿಂದ ಮಂಗನಂತೆ ಕೂತಿದ್ದ. ಸ್ವಲ್ಪ ಹೊತ್ತಿಗೆ ಮಾವ ಬಂದು ಕಂಬಿ ಹಿಡಿದು ನಿಂತರು. ಗೆದ್ದವರ ಮುಖ ಅವರದಾಗಿರಲಿಲ್ಲ.

“ಬೆಳಗಿಂದ ಬಾಗಿಲು ತೆರೆದಿಟ್ಟು ಕೂತಿದ್ದೆ ಕಣ್ರೀ,” ಎಂದರು ಮೆಲ್ಲಗೆ. “ಕೋಟೇಲಿ ಖಾಲಿ ರಟ್ಟಿಟ್ಟೆ. ಕಾವಲು ತೆಗೆದೆ. ನಿಮಗೆ ಹೆದರಿಕೆ ಆಗ್ಬಾರ್ದು ಅಂತ ಆ ಹಾಳು ಸೈಕಲ್ಲನ್ನ ಎಷ್ಟು ದೂರ ಆಗುತ್ತೋ ಅಷ್ಟು ದೂರ ಕಳಿಸ್ದೆ. ಇನ್ನೇನು ಮಾಡ್ಬೇಕಿತ್ತು? ಬಿಳಿ ಬಾವುಟ ಹಿಡ್ಕೊಂಡು ಕುಣೀಬೇಕಿತ್ತಾ?”

ಬಹುಶಪ್ಪ ಕತ್ತೆತ್ತಿದ. “ಅಂದ್ರೆ... ನಿಮಗೆ ಸೋಲ್ಬೇಕಿತ್ತಾ?”

“ನನಗೆ ಊರಿಗೆ ಹೋಗ್ಬೇಕಿತ್ತು! ಸಂಜೆ ಡಿಪೋ ಮುಂದೆ ನನ್ನ ಜೊತೆಯವರೆಲ್ಲ ಕೂತು ಯಾವ ಬಸ್ಸು ಎಷ್ಟು ತಡ ಅಂತ ಬಯ್ತಿರ್ತಾರೆ. ಅಲ್ಲಿ ನನ್ನ ಜಾಗದಲ್ಲಿ ಈಗ ಯಾರು ಕೂತಿದಾರೋ! ಹೋಗ್ತೀನಿ ಅಂತ ಬಾಯಿಬಿಟ್ಟು ಹೇಳಿದ್ರೆ ಇವಳು ಅಳ್ತಾಳೆ. ಇವಳು ಅತ್ತರೆ ನನಗೆ ಕಾಲೇ ಬರಲ್ಲ. ಪಣದಲ್ಲಿ ಸೋತು ಹೋದ್ರೆ ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ ಅಂತ ಲೆಕ್ಕ ಹಾಕಿದ್ದೆ.”

“ಮೊದಲೇ ನನಗೊಂದು ಮಾತು ಹೇಳ್ಬಾರ್ದಿತ್ತಾ ಮಾವ?”

“ನೀವು ಮೊದಲನೇ ನಡೇಲೇ ಹೊಡೀತೀರಿ ಅಂದ್ಕೊಂಡೆ. ಖಾಲಿ ಕೋಟೆ ಹಿಡಿಯೋಕೆ ಇಡೀ ದೇಶಾನೇ ಖಾಲಿ ಮಾಡ್ತೀರಿ ಅಂತ ನನಗೇನು ಕನಸು ಬಿದ್ದಿತ್ತಾ?”

“ಇನ್ನೊಂದು ಆಟ ಆಡೋಣ. ಮುಂದಿನ ಭಾನುವಾರ.”

“ಊರಿಗೆ ಹೋಗೋ ಮಾತು ಯಾರೂ ಎತ್ತೋ ಹಾಗಿಲ್ಲ,” ಎಂದರು ಮಾವ. “ಆ ಷರತ್ತು ಹಾಕಿದ್ದೂ ನಾನೇ.”

ಒಳಗಿನಿಂದ ಊಟಕ್ಕೆ ಕರೆ ಬಂತು. ಮೇಜಿನ ಮೇಲೆ ಮೂರು ಬಟ್ಟಲು ಹಬೆಯಾಡುತ್ತಿದ್ದವು. ಮೂರರಲ್ಲೂ ಬಣ್ಣವಿಲ್ಲದ ಸೂಪು, ಪಕ್ಕದಲ್ಲಿ ನೀರಲ್ಲಿ ಬೇಯಿಸಿದ ತರಕಾರಿ. ಬಹುಶಪ್ಪ ತನ್ನ ಬಟ್ಟಲನ್ನು ನೋಡಿದ, ಮಾವನ ಬಟ್ಟಲನ್ನು ನೋಡಿದ.

“ಇದು ಮಾವನ ಊಟ ಅಲ್ವಾ?”

“ಇನ್ನು ಎಲ್ಲರದೂ ಅದೇ ರೀ,” ಎಂದಳು ಹೆಂಡತಿ. ಅವಳನ್ನು ಅಷ್ಟು ಸಂತೋಷದಲ್ಲಿ ಅವನು ನೋಡಿ ಬಹಳ ಕಾಲವಾಗಿತ್ತು. “ಇವತ್ತೋ ನಾಳೆಯೋ ಹೊರಡೋರು ಅಂತ ಅಪ್ಪನಿಗೆ ಬೇರೆ, ನಮಗೆ ಬೇರೆ ಅಡುಗೆ ಮಾಡಿ ಮಾಡಿ ನನ್ನ ಕೈ ಸೋತುಹೋಗಿತ್ತು. ಈಗ ಅಪ್ಪ ಖಾಯಂ ಆಯ್ತಲ್ಲ? ಇನ್ನು ಮನೆಗೆಲ್ಲ ಒಂದೇ ಅಡುಗೆ. ಉಪ್ಪಿಲ್ಲ, ಎಣ್ಣೆ ಇಲ್ಲ. ಉಪ್ಪಿನ ಡಬ್ಬೀನ ಆಗ್ಲೇ ಟೀಚರ್ ಕೈಲಿ ಮೇಲೆ ಕಳಿಸ್ಬಿಟ್ಟೆ.”

ಬಹುಶಪ್ಪ ಒಂದು ಚಮಚ ಸೂಪನ್ನು ಬಾಯಿಗಿಟ್ಟು, ನುಂಗಿ, ಮಾವನ ಕಡೆ ತಿರುಗಿದ.

ಮಾವ ತಮ್ಮ ಬಟ್ಟಲಿನಿಂದ ಕಣ್ಣೆತ್ತಲಿಲ್ಲ. “ಮೊದಲನೇ ವಾರ ಸ್ವಲ್ಪ ಕಷ್ಟ ಅನ್ಸುತ್ತೆ,” ಎಂದರು. “ಆಮೇಲೆ ಇನ್ನೂ ಕಷ್ಟ.”